ಕುತ್ತಿಗೆಯಿಂದ ಕೆಳಗಿನ ಅಮ್ಮ

ನಮ್ಮಮ್ಮನಿಗೆ ವ್ಯಾಪಾರ ಬರುವುದಿಲ್ಲ. ಅದು ಚೆನ್ನಾಗಿ ಗೊತ್ತಿದ್ದೂ ಅವಳ ಸೀರೆಗಳನ್ನು ಫೋನಿನಲ್ಲಿ ಮಾರಿಕೊಡುತ್ತೇನೆ ಅಂತ ಒಪ್ಪಿಕೊಂಡೆನಲ್ಲ, ನನ್ನ ಬುದ್ಧಿಗೆ ಅವತ್ತು ಏನು ಬಡಿದಿತ್ತೋ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ, ನನ್ನ ಮನೆಗೆ ಬಂದಳು. ಬರುವಾಗ ಎರಡು ಟ್ರಂಕು ತಂದಳು. ಒಂದರಲ್ಲಿ ಪಾತ್ರೆ, ಇನ್ನೊಂದರಲ್ಲಿ ಸೀರೆ. ಪಾತ್ರೆಯದನ್ನು ಬಂದ ದಿನವೇ ಬಿಚ್ಚಿ ನನ್ನ ಅಡುಗೆಮನೆಯನ್ನು ವಶಪಡಿಸಿಕೊಂಡಳು. ಸೀರೆಯದಕ್ಕೆ ಮಾತ್ರ ಬೀಗ. ಅಪ್ಪನ ತಿಥಿಯ ದಿನ ಹೊಳಲ್ಕೆರೆಯ ಅತ್ತೆ, ಅಂದರೆ ಅಪ್ಪನ ಅಕ್ಕ, ಇನ್ನು ಬಣ್ಣದವನ್ನೆಲ್ಲ ಮಡಚಿ ಇಡು ಅಂದಿದ್ದರು. ಗದರಿಸಿ ಹೇಳಲಿಲ್ಲ. ಸಾರಿಗೆ ಉಪ್ಪು ಹಾಕು ಅನ್ನುವಷ್ಟು ಸಲೀಸಾಗಿ ಹೇಳಿದರು. ಅತ್ತೆಯೂ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಅವರ ಮೈಮೇಲೆ ಬೂದಿ ಬಣ್ಣ ಬಿಟ್ಟು ಇನ್ನೊಂದನ್ನು ನಾನು ಕಂಡವಳಲ್ಲ. ಅಮ್ಮ ತಲೆಯಾಡಿಸಿದಳು, ಮಡಚಿದಳು, ಮುಗಿಯಿತು.

ನನಗೆ ಮೈಯೆಲ್ಲ ಉರಿಯಿತು. ಗಂಡ ಇರುವಾಗ ಊರಿಗೆಲ್ಲ ಸೀರೆ ಆರಿಸಿಕೊಡುತ್ತಿದ್ದವಳು ಇವಳು. ಯಾರ ಮನೆಯ ಮದುವೆ ಜವಳಿ ಇದ್ದರೂ ಇವಳು ಬರಬೇಕು. ಅಂಥವಳು ಈಗ ಒಗೆದು ಒಗೆದು ಬಣ್ಣ ಸತ್ತ ಎರಡು ಬೂದಿ ಸೀರೆಗಳಲ್ಲಿ ದಿನ ದೂಡುತ್ತಿದ್ದಳು. ಕಾಲ ಬದಲಾಗಿದೆ ಅಂತ ಜಗಳ ಆಡಿದೆ. ಬದಲಾಗಿರುವುದು ನಿನ್ನ ಕಾಲ, ನನ್ನದು ಅಲ್ಲೇ ಐತೆ ಅಂದಳು. ಆಮೇಲೆ ನಾದಿನಿಯರು, ಓರಗಿತ್ತಿಯರು ಒಬ್ಬೊಬ್ಬರೇ ಫೋನ್ ಮಾಡಿ, ಹೆಂಗೂ ನೀನು ಉಡಲ್ಲವಲ್ಲ, ಆ ಕೆಂಪಂಚಿನದು ನನಗಿರಲಿ ಅಂತ ಶುರು ಮಾಡಿದರು. ಅದಕ್ಕೆ ಮಾತ್ರ ಅಮ್ಮ ಕೆರಳಿದಳು. ಗೊತ್ತಿರೋರ ಮೈಮೇಲೆ ತನ್ನ ಸೀರೆ ನೋಡುತ್ತಾ ಕೂರುವ ಹಣೆಬರಹ ತನಗೆ ಬೇಡ, ಮಾರಿಬಿಡು, ಮುಖ ಪರಿಚಯ ಇಲ್ಲದವರಿಗೆ ಹೋಗಲಿ ಅಂದಳು. ಬೀದಿಯಲ್ಲಿ ಹಳೇ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಹಾಕಬಾರದೇ ಅಂತ ಕೇಳಿದೆ. ರೇಷ್ಮೆ ಕೊಟ್ಟು ಚಹಾ ಸೋಸುವ ಜರಡಿ ತಗೊಳ್ಳುವಷ್ಟು ತನ್ನ ತಲೆ ಕೆಟ್ಟಿಲ್ಲ ಅಂದಳು.

ಒಪ್ಪಿಕೊಂಡೆ. ನನ್ನ ಲೆಕ್ಕಾಚಾರವೇ ಬೇರೆ ಇತ್ತು. ಟ್ರಂಕಿನ ಬೀಗ ಹೇಗಾದರೂ ತೆಗೆಯಲಿ, ಎಲ್ಲ ಮಾರಿಹೋಗುವುದರೊಳಗೆ ಒಂದನ್ನಾದರೂ ಇವಳು ಉಡಲಿ. ನನಗೆ ಬೇಕಿದ್ದುದು ಅಷ್ಟೇ.

ಮೊದಲು ಸೀರೆಗಳನ್ನು ಹ್ಯಾಂಗರಿಗೆ ಹಾಕಿ, ಕಿಟಕಿಗೆ ನೇತುಬಿಟ್ಟು ಫೋಟೋ ತೆಗೆದು, ಹಳೇ ಬಟ್ಟೆ ಮಾರುವ ಆ್ಯಪಿಗೆ ಹಾಕಿದೆ. ಒಂದು ವಾರ ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಭರಮಸಾಗರದಿಂದ ಒಬ್ಬರು ವಿಚಾರಿಸಿದರು. ಸೀರೆಯನ್ನಲ್ಲ, ಕಿಟಕಿಯ ಗ್ರಿಲ್ಲು ಎಲ್ಲಿ ಮಾಡಿಸಿದ್ದು ಅಂತ. ಉಟ್ಟು ತೋರಿಸಿದರೆ ಹೋಗುತ್ತವೆ ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ಸರಿ, ನಾನೇ ಒಂದನ್ನು ಉಟ್ಟುಕೊಂಡು ಹೊರಗೆ ಬಂದೆ. ಅಮ್ಮ ಮೇಲಿಂದ ಕೆಳಗೆ ನೋಡಿದಳು.

"ಗೋಣಿಚೀಲಕ್ಕೆ ಜರಿ ಅಂಚು ಹಚ್ಚಿದಂಗೆ ಐತೆ. ಬಿಚ್ಚು."

ಬಿಚ್ಚಿಕೊಟ್ಟೆ. ಅದರ ಅಂಚನ್ನು ತುದಿಯವರೆಗೂ ಸವರಿ ನೋಡಿದಳು. ಆಮೇಲೆ ತಾನೇ ಉಟ್ಟು ತೋರಿಸುತ್ತೇನೆ ಅಂದಳು. ಆದರೆ ಕುತ್ತಿಗೆಯಿಂದ ಕೆಳಗೆ ಮಾತ್ರ ತೆಗೆಯಬೇಕು, ಮುಖ ಬರಕೂಡದು. ಮುಖ ಇಲ್ಲದಿದ್ದರೆ ಅದು ತಾನಲ್ಲ, ತಾನಲ್ಲ ಅಂದಮೇಲೆ ಉಟ್ಟಿದ್ದೂ ಲೆಕ್ಕಕ್ಕಿಲ್ಲ. ಇದು ಉಡೋದಲ್ಲ, ತೋರಿಸೋದು ಅಂತ ಕಾನೂನು ಮಾಡಿದಳು. ಈ ಕಾನೂನಿಗೆ ಯಾವ ಕೋರ್ಟಿನಲ್ಲೂ ಬೆಲೆಯಿಲ್ಲ. ನಾನು ಮಾತ್ರ ತೆಪ್ಪಗೆ ಫೋನು ಹಿಡಿದು ತಾರಸಿ ಹತ್ತಿದೆ.

ನಮ್ಮೂರ ಗಾಳಿ ಗೊತ್ತಲ್ಲ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಸೆರಗು ಒಂದು ಕಡೆ, ಅಮ್ಮ ಒಂದು ಕಡೆ. ಮುಖ ಬರುವುದಿಲ್ಲ ಅನ್ನುವ ಧೈರ್ಯಕ್ಕೆ ಫೋಟೋ ತೆಗೆಯುವಷ್ಟು ಹೊತ್ತೂ ಬಾಯಿ ನಿಲ್ಲಿಸುತ್ತಿರಲಿಲ್ಲ. ನೆರಿಗೆ ಬಂತಾ ನೋಡು, ಅಂಚು ಬಂತಾ ನೋಡು, ಕುಕ್ಕರ್ ಎಷ್ಟು ಸಲ ಕೂಗಿತು. ಮಧ್ಯದಲ್ಲಿ ಒಣಹಾಕಿದ್ದ ಸಂಡಿಗೆಗೆ ಕಾಗೆ ಬಂದು ಕೂತಾಗ ಹುಶ್ ಅಂತ ಕೈ ಬೀಸಿದಳು. ಅದೇ ಹೊತ್ತಿಗೆ ನನ್ನ ಬೆರಳು ಒತ್ತಿಬಿಟ್ಟಿತು. ಹೀಗೆ ಬಾಳೆಎಲೆ ಹಸಿರಿನ ಸೀರೆಯುಟ್ಟ ತಲೆಯಿಲ್ಲದ ಹೆಂಗಸೊಬ್ಬಳು ಕಾಗೆ ಓಡಿಸುತ್ತಿರುವ ಫೋಟೋ ಜಗತ್ತಿಗೆ ಹೋಯಿತು. ದೇವರಾಣೆಗೂ ಹೇಳುತ್ತೇನೆ, ಅತಿ ಹೆಚ್ಚು ಜನ ಕೇಳಿದ್ದು ಅದನ್ನೇ.

ಅಲ್ಲಿಂದ ದಿನಾ ಮಧ್ಯಾಹ್ನ ತಾರಸಿ. ಮೊದಮೊದಲು ಬೂದಿ ಸೀರೆಯ ಮೇಲೇ ಸುತ್ತಿಕೊಳ್ಳುತ್ತಿದ್ದವಳು ಆಮೇಲೆ ಸರಿಯಾಗಿ ಉಡತೊಡಗಿದಳು, ಆಮೇಲೆ ಅದಕ್ಕೊಪ್ಪುವ ಬಳೆ ಬಂದವು. ಗಿರಾಕಿಗೆ ಗೊತ್ತಾಗಬೇಕಲ್ಲ ಅನ್ನುವುದು ಎಲ್ಲದಕ್ಕೂ ಉತ್ತರ. ಆದರೆ ಫೋಟೋ ಮುಗಿಯಿತೋ, ಐದು ನಿಮಿಷದಲ್ಲಿ ಮತ್ತೆ ಬೂದಿ. ಒಂದು ದಿನ ಕಿತ್ತಳೆ ಬಣ್ಣದ್ದನ್ನು ಬಿಚ್ಚುವುದು ಮರೆತು ಹಾಗೇ ಒಗ್ಗರಣೆಗೆ ನಿಂತುಬಿಟ್ಟಿದ್ದಳು. ನಾನು ನೋಡುತ್ತಿದ್ದೆ, ನೆನಪಿಸಲಿಲ್ಲ. ಅಷ್ಟರಲ್ಲಿ ಕೆಳಮನೆಯಾಕೆ ಹೆಪ್ಪಿಗೆ ಮೊಸರು ಕೇಳಿಕೊಂಡು ಬಾಗಿಲು ಬಡಿದಳು. ಅಮ್ಮ ಸೌಟು ಬಿಟ್ಟು ಬಚ್ಚಲುಮನೆಗೆ ಓಡಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಕೆಳಮನೆಯಾಕೆಗೆ ನಮ್ಮಮ್ಮನಿಗೆ ಹೊಟ್ಟೆ ಸರಿಯಿಲ್ಲ ಅಂತ ಹೇಳಿದೆ. ಅವಳು ಹೋಗಿ ದಾಳಿಂಬೆ ಸಿಪ್ಪೆಯ ಕಷಾಯ ಮಾಡಿಕೊಂಡು ಬಂದಳು. ಅಮ್ಮ ಅದನ್ನು ಕುಡಿಯಬೇಕಾಯಿತು.

ಇನ್ನು ಮಾರಾಟ. ಗಿರಾಕಿಗಳ ಫೋನು ಬಂದರೆ ಅಮ್ಮ ಕಿತ್ತುಕೊಂಡು ತಾನೇ ಮಾತಾಡುತ್ತಿದ್ದಳು. ಅಂಚು ಒಂಚೂರು ಬಣ್ಣ ಬಿಟ್ಟಿದೆ, ಸೆರಗಿನಲ್ಲಿ ಒಬ್ಬಟ್ಟಿನ ಜಿಡ್ಡು ಇದೆ, ಇದನ್ನು ಉಟ್ಟು ಹೋದ ಕಡೆಯೆಲ್ಲ ಮಳೆ ಬಂದಿದೆ, ಎಲ್ಲ ತಾನಾಗಿಯೇ ಹೇಳುತ್ತಿದ್ದಳು. ಐಮಂಗಲದ ಹುಡುಗಿಯೊಬ್ಬಳಿಗೆ ನೀನು ಕಪ್ಪೋ ಬಿಳುಪೋ ಅಂತ ಕೇಳಿ, ಉತ್ತರ ಬಂದ ಮೇಲೆ, ನಿನಗೆ ಇದು ಒಪ್ಪಲ್ಲ ಕಣವ್ವ, ದುಡ್ಡು ದಂಡ ಮಾಡಬೇಡ ಅಂತ ಫೋನು ಇಟ್ಟಳು. ಇನ್ನೊಬ್ಬಾಕೆ ಸೀರೆಯ ಜೊತೆ ಕೊಸರಿಗೆ ಒಂದು ರವಿಕೆ ಕಣ ಹಾಕಿ ಅಂದಳು, ಬದನೆಕಾಯಿ ಕೊಂಡವಳು ಕರಿಬೇವು ಕೇಳುವ ಹಾಗೆ. ಅಮ್ಮ ಎರಡು ಹಾಕಿದಳು. ನನಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಹಾಗೂ ಹೀಗೂ ಒಂದು ಪಾರ್ಸೆಲ್ ಹಿರಿಯೂರಿನ ಹತ್ತಿರ ಬಬ್ಬೂರಿಗೆ ಹೋಯಿತು. ಮೂರನೇ ದಿನ ಆಕೆಯಿಂದ ಫೋಟೋ ಬಂತು. ಸೆರಗಿನ ತುದಿಗೆ ಕೆಂಪು ಸುತ್ತು ಹಾಕಿ, ಮಾಲು ಡ್ಯಾಮೇಜು, ಒಂದು ಎಳೆ ಇಲ್ಲ ಅಂತ ಬರೆದಿದ್ದಳು. ಆಗ ಗೊತ್ತಾಯಿತು, ಅಮ್ಮ ಪ್ಯಾಕು ಮಾಡುವ ಮುಂಚೆ ಪ್ರತಿ ಸೀರೆಯಿಂದಲೂ ಒಂದೊಂದು ಎಳೆ ಕೀಳುತ್ತಿದ್ದಳು. ಉಟ್ಟ ಬಟ್ಟೆ ಇನ್ನೊಬ್ಬರಿಗೆ ಕೊಡುವಾಗ ಎಳೆ ಕಿತ್ತು ಕೊಡಬೇಕು, ಇಲ್ಲದಿದ್ದರೆ ಉಟ್ಟವಳ ಭಾಗ್ಯವೂ ಬಟ್ಟೆಯ ಜೊತೆ ಹೋಗುತ್ತದೆ ಅನ್ನುವುದು ನಮ್ಮ ಮನೆಯ ಪದ್ಧತಿ. ಹೋಗುವಂಥ ಭಾಗ್ಯ ಇನ್ನೇನು ಉಳಿದಿದೆ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅಮ್ಮ ಬಬ್ಬೂರಿನಾಕೆಗೆ ಫೋನು ಮಾಡಿ ಪದ್ಧತಿ ವಿವರಿಸಿದಳು. ಆಕೆ ತಮ್ಮ ಮನೆಯಲ್ಲೂ ಅದೇ ಪದ್ಧತಿ, ಅದಕ್ಕೆ ತಕರಾರಿಲ್ಲ, ಆದರೆ ಎಳೆ ಕಿತ್ತ ಮೇಲೆ ಫೋಟೋ ತೆಗೆಯಬೇಕಿತ್ತು ಅಂದಳಂತೆ. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಸೀರೆ ವಾಪಸ್ ಬಂತು.

ಹೀಗೆ ಟ್ರಂಕು ಹೆಚ್ಚು ಖಾಲಿಯಾಗಲಿಲ್ಲ. ಕೊನೆಗೆ ತಳದಲ್ಲಿದ್ದ ಮೊಳಕಾಲ್ಮೂರು ರೇಷ್ಮೆ ಮೇಲೆ ಬಂತು. ನೇರಳೆ ಮೈ, ಸಾಸಿವೆ ಹೂವಿನ ಬಣ್ಣದ ಅಂಚು. ಅಪ್ಪನೇ ನೇಕಾರರ ಮನೆಗೆ ಹೋಗಿ ಕೂತು ನೇಯಿಸಿ ತಂದದ್ದು. ಇದೊಂದು ಬೇಡ ಅಮ್ಮ ಅಂದೆ. ಇದು ಹೋದರೇ ತನಗೆ ಸಮಾಧಾನ ಅಂದಳು. ಫೋಟೋ ತೆಗೆದೆ. ಅದೇ ಸಂಜೆ ಹೊಸದುರ್ಗದಿಂದ ಒಬ್ಬಾಕೆ ಫೋನು ಮಾಡಿ, ರೇಷ್ಮೆಯನ್ನು ಮುಟ್ಟದೆ ಕೊಳ್ಳುವುದೂ ಒಂದೇ, ಹುಡುಗಿಯನ್ನು ನೋಡದೆ ಮದುವೆ ಮಾಡುವುದೂ ಒಂದೇ, ನಾಳೆ ಬರುತ್ತೇನೆ ಅಂದಳು.

ಬಂದಳು. ಐವತ್ತರ ಹೆಂಗಸು, ದೊಡ್ಡ ದನಿ, ಕಂಕುಳಲ್ಲಿ ಚೀಲ. ಮಗನ ಮದುವೆಗೆ ತಾನು ಉಡಲು ಸೀರೆ ಬೇಕಂತೆ. ಅಮ್ಮ ಬೂದಿ ಸೀರೆಯಲ್ಲೇ ಕಾಫಿ ತಂದುಕೊಟ್ಟಳು. ಆಕೆ ಸೀರೆ ಮುಟ್ಟಿದಳು, ಜರಿ ಉಜ್ಜಿದಳು, ಮೂಸಿಯೂ ನೋಡಿದಳು. ಎಲ್ಲ ಆದ ಮೇಲೆ, ಫೋಟೋದಾಗಿರೋ ಹುಡುಗೀನ ಕರೀರಿ, ಉಟ್ಟರೆ ಹೆಂಗೆ ಕಾಣ್ತದೋ ಕಣ್ಣಾರೆ ನೋಡಬೇಕು, ಅವಳು ನಿಂತಿರೋ ಠೀವಿ ನೋಡೇ ನಾನು ಬಸ್ಸು ಹತ್ತಿದ್ದು ಅಂದಳು.

ಅಮ್ಮ ಲೋಟ ಎತ್ತಿಕೊಳ್ಳುತ್ತಾ, ಆ ಹುಡುಗಿ ಊರಲ್ಲಿಲ್ಲ ಅಂದುಬಿಟ್ಟಳು. ಅರವತ್ತೆರಡರ ಹೆಂಗಸು, ಒಂದು ಚೂರೂ ನಗದೆ. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಇದ್ದಾಳೆ, ಒಳಗೇ ಇದ್ದಾಳೆ, ಈಗ ಉಟ್ಟುಕೊಂಡು ಬರುತ್ತಾಳೆ ಅಂತ ಜೋರಾಗಿಯೇ ಹೇಳಿದೆ. ಅಮ್ಮ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಸೀರೆಯನ್ನು ಬಾಚಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇನ್ನು ಹೊರಗೆ ಬರುವುದಿಲ್ಲ ಅಂದುಕೊಂಡೆ. ಬಂದಳು. ಮೊಳಕಾಲ್ಮೂರು ಉಟ್ಟು, ತಲೆ ಸಮೇತ ಬಂದಳು. ಸಿಟ್ಟಿಗೆ ಮುಖ ಕೆಂಪಾಗಿತ್ತು.

ಹೊಸದುರ್ಗದಾಕೆ ಸರಕ್ಕನೆ ಎದ್ದು ನಿಂತಳು. ಆಮೇಲೆ ನಮ್ಮ ಮನೆಯಲ್ಲಿ ನಮ್ಮಮ್ಮನಿಗೇ ಕುಂತ್ಕಳ್ರಿ ಅಂತ ಜಾಗ ಬಿಟ್ಟಳು. ಇದನ್ನು ನಾನು ಒಯ್ಯುವುದಿಲ್ಲ ಅಂದಳು. ಅಮ್ಮ ಗಾಬರಿಯಾಗಿ, ಜರಿ ಒಂದು ಕಡೆ ಮಾಸಿದೆ ನಿಜ, ಫಾಲ್ಸೂ ಹೊಸದು ಹಾಕಿಸಬೇಕು ಅಂತ ಸೀರೆಯ ಊನಗಳನ್ನು ಒಪ್ಪಿಸತೊಡಗಿದಳು.

"ಸೀರೆಗೇನೂ ಆಗಿಲ್ಲ ಬಿಡ್ರಿ" ಅಂದಳು ಆಕೆ. "ಉಟ್ಟೋರ ಮೈಮೇಲಿಂದ ಬಿಚ್ಚಿಸ್ಕಂಡು ಹೋಗಾಕೆ ನಾನೇನು ಜಪ್ತಿ ಮಾಡಾಕೆ ಬಂದೀನಾ?"

ಆಮೇಲೆ ನನ್ನ ಕಡೆ ತಿರುಗಿ, ಪೂರ್ತಿ ಒಂದು ಫೋಟೋ ತೆಗಿಯವ್ವ, ಇವರಿಗೆ ತೋರಿಸು ಅಂದಳು. ತೆಗೆದೆ. ಇಷ್ಟು ದಿನ ಅಮ್ಮ ನೋಡಿದ್ದು ತನ್ನ ಕುತ್ತಿಗೆಯಿಂದ ಕೆಳಗಿನದನ್ನು ಮಾತ್ರ. ಫೋನು ತೆಗೆದುಕೊಂಡು ಎರಡು ಬೆರಳಲ್ಲಿ ಮುಖವನ್ನು ದೊಡ್ಡದು ಮಾಡಿದಳು, ಚಿಕ್ಕದು ಮಾಡಿದಳು, ಮತ್ತೆ ದೊಡ್ಡದು ಮಾಡಿದಳು. ಫೋನು ಕೆಳಗಿಟ್ಟು, ಹೊಸದುರ್ಗದ ಬಸ್ಸು ಹೊಳಲ್ಕೆರೆ ಮೇಲೇ ಹೋಗುತ್ತದಲ್ಲ ಅಂತ ಆಕೆಯನ್ನು ಕೇಳಿದಳು. ಹೌದು ಅಂದಳು ಆಕೆ. ಅಮ್ಮ ಆಧಾರ್ ಕಾರ್ಡು ಹುಡುಕತೊಡಗಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಅದು ಇಲ್ಲದೆ ಯಾರೂ ಹೊಸಲು ದಾಟುವುದಿಲ್ಲ.

ಈಗ ಭಯವಾಗಿದ್ದು ನನಗೆ. ಇಷ್ಟು ದಿನ ಉಡು ಉಡು ಅಂತ ಜೀವ ತಿಂದವಳು ನಾನೇ, ಈಗ ಅವಳ ಕೈ ಹಿಡಿದು, ಬೇಡಮ್ಮ, ಅತ್ತೆ ನಾಲ್ಕು ಜನರ ಮುಂದೆ ಏನಾದರೂ ಅಂದುಬಿಟ್ಟರೆ ಅಂದೆ. ಹಾಗೇನಾದರೂ ಆದರೆ ಇವಳು ಇನ್ನೆಂದೂ ಆ ಟ್ರಂಕು ಮುಟ್ಟುವುದಿಲ್ಲ, ಅದು ನನಗೆ ಗೊತ್ತಿತ್ತು.

"ಅವರಂದಿದ್ದಕ್ಕೇ ಮಡಚಿಟ್ಟಿದ್ದು ಕಣೇ" ಅಂದಳು. "ಅವರೇ ನೋಡ್ಲಿ."

ಮೆಟ್ಟಿಲಿಳಿಯುವಾಗ ಕೆಳಮನೆಯಾಕೆ ಎದುರಾಗಿ, ಏನು ಕಾರ್ಯ, ಯಾರ ಮನೆಯಲ್ಲಿ ಅಂತ ಕೇಳಿದಳು. ಕಾರ್ಯ ಏನೂ ಇಲ್ಲ, ಹೊಳಲ್ಕೆರೆಗೆ ಹೋಗಿ ಬರುತ್ತೇನೆ ಅಂದಳು ಅಮ್ಮ. ಇಬ್ಬರು ಹೆಂಗಸರೂ ಹತ್ತು ವರ್ಷದ ಗೆಳತಿಯರಂತೆ ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಗೇಟಿನಲ್ಲಿ ನಿಂತು ಅಳುತ್ತಿದ್ದೆ. ನಗುವೂ ಬರುತ್ತಿತ್ತು.

ಆಮೇಲೆ ಕಾಲ ಸರಿಯಲಿಲ್ಲ. ಮಾಡಿದ ಅನ್ನ ಹಾಗೇ ಆರಿತು. ಸಂಜೆ ಹೊತ್ತಿಗೆ ಅತ್ತೆಯ ಫೋನು. ಎತ್ತಿಕೊಂಡೆ. ಶುರುವಿನಲ್ಲೇ ಬೈಗುಳ. ಬರುತ್ತಾಳೆ ಅಂತ ಒಂದು ಮಾತು ಹೇಳಬಾರದಾ, ಮನೆಯಲ್ಲಿ ಮುದ್ದೆಗೆ ಹಿಟ್ಟಿರಲಿಲ್ಲ, ಗಿರಣಿಗೆ ಓಡಬೇಕಾಯಿತು, ಈ ಕಾಲದವರಿಗೆ ಬುದ್ಧಿ ಯಾವಾಗ ಬರುತ್ತದೋ. ನಾನು ಹೂಂ ಹೂಂ ಅನ್ನುತ್ತಾ ಕಾದೆ. ಸೀರೆಯ ಮಾತು ಬರಲಿಲ್ಲ. ಕೇಳಿಯೇಬಿಟ್ಟೆ, ಅತ್ತೆ, ಅಮ್ಮ ಏನು ಮಾಡ್ತಿದ್ದಾಳೆ?

ಆ ಕಡೆ ಅಮ್ಮ ನಿಧಾನ, ನಿಧಾನ, ಆ ತುದಿ ಎಳೀಬೇಡಿ ಅನ್ನುವುದು ಕೇಳಿಸಿತು. ಇನ್ನೊಂದು ಟ್ರಂಕಿನ ಮುಚ್ಚಳ ತೆಗೆದಿಟ್ಟ ಸದ್ದೂ ಕೇಳಿಸಿತು.

"ನನ್ನ ಧಾರೆ ಸೀರೆ ಬಿಚ್ತಾ ಅವಳೆ" ಅಂದರು ಅತ್ತೆ. ದನಿ ಸಣ್ಣದಾಗಿತ್ತು. "ರೇಷ್ಮೆ ಅಲ್ವಾ, ಇಷ್ಟು ವರ್ಷ ಒಂದೇ ಮಡಿಕೆಗೆ ಇಟ್ರೆ ಗೆರೆ ಗೆರೆಗೂ ಸೀಳಿರ್ತದೆ ಅಂದ್ಕಂಡಿದ್ದೆ. ಹರಿದಿಲ್ಲ ಕಣೇ."