ತಗಡಿಗೆ ಕಟ್ಟಿದ ಕಣ್ಣಿ

ಗೆಳೆಯರೇ, ಇವತ್ತು ರೇಡಿಯೋದಲ್ಲಿ ಬಿರುಗಾಳಿಯ ಸುದ್ದಿ ಬಂದದ್ದೇ ತಡ, ಅಪ್ಪ ಬಾವಿಯ ಹಗ್ಗ, ಎಮ್ಮೆಯ ಕಣ್ಣಿ ಎಲ್ಲವನ್ನೂ ತಂದು ಮನೆಯ ಮೇಲಿನ ತಗಡುಗಳನ್ನು ಬಿಗಿದು ಕಟ್ಟಿದರು. ಗಂಟುಮೂಟೆ ಹೊತ್ತು ಶಾಲೆಯ ಗಟ್ಟಿ ಕಟ್ಟಡಕ್ಕೆ ಹೊರಟಾಗ ಗಬ್ಬದ ಎಮ್ಮೆಯನ್ನು ಎಳೆದೊಯ್ಯಲು ಹಗ್ಗವೇ ಇಲ್ಲ! ಗಾಳಿ ಆಗಲೇ ಎದ್ದಿತ್ತು. ಬೆದರಿದ ಎಮ್ಮೆ ಹಿತ್ತಲು ಬಿಟ್ಟು ಕದಲಲಿಲ್ಲ.

"ಅದರ ಕಣ್ಣಿ ಬಿಚ್ಚಿ ತರ್ರಿ," ಎಂದಳು ಅವ್ವ.

"ಬಿಚ್ಚಿದ್ರ ಮನಿ ಹಾರಿ ಹೋಗ್ತೈತಿ!" ಎಂದರು ಅಪ್ಪ.

"ಹಾರಲಿ ಬಿಡ್ರಿ. ಇದನ್ನ ಬಿಟ್ಟು ನಾ ಬರಂಗಿಲ್ಲ."

ಅಪ್ಪ ಮೇಲೆ ಹತ್ತಿ ಕಣ್ಣಿ ಬಿಚ್ಚಿದರು. ಒಂದು ತಗಡು ಎದ್ದು ಪಟಪಟ ಬಡಿಯತೊಡಗಿತು. ನಾವು ತಿರುಗಿ ನೋಡದೆ ಓಡಿದೆವು.

ಈಗ ಎಮ್ಮೆ ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಮೆಲುಕು ಹಾಕುತ್ತಿದೆ. ಹೊರಗೆ ಏನಾದರೂ ಧಡ್ಡನೆ ಬಿದ್ದಾಗಲೆಲ್ಲ ನಾವು ಬೆಚ್ಚಿ ಅಪ್ಪನ ಮುಖ ನೋಡುತ್ತೇವೆ. ಅಪ್ಪ ಎಮ್ಮೆಯ ಮುಖ ನೋಡುತ್ತಾರೆ.