ನಾಲಿಗೆ ತೋರಿಸು

ದೊಡ್ಡವರಿಗೆ ನಾಲಿಗೆ ಚಾಚಿದರೆ ಎಲ್ಲ ಕಡೆ ಬೈಗುಳ ಸಿಗುತ್ತೆ. ಆ ಕೆರೆ ದಡದ ಬೇಸಿಗೆ ಶಿಬಿರದಲ್ಲಿ ಮಾತ್ರ ಚಾಚದಿದ್ದರೆ ಬೈಗುಳ. ಬೆಳಗ್ಗೆ ಏಳೂವರೆಗೆ ಅರವತ್ತೆರಡು ಮಕ್ಕಳೂ ತಿಂಡಿಮನೆಯ ಬಾಗಿಲಲ್ಲಿ ಸಾಲಾಗಿ ನಿಂತು, ಒಬ್ಬೊಬ್ಬರೇ ನರ್ಸಜ್ಜಿಗೆ ನಾಲಿಗೆ ತೋರಿಸಬೇಕು. ತೋರಿಸದವರಿಗೆ ತಟ್ಟೆ ಇಲ್ಲ, ಅಷ್ಟೇ.

ನರ್ಸಜ್ಜಿ ಮೂವತ್ತೊಂದು ವರ್ಷ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ದುಡಿದು ನಿವೃತ್ತಿಯಾದವರು. ಕೈ ಸುಮ್ಮನಿರಬೇಕಲ್ಲ! ಮನೆಗೆ ಬಂದ ವಾರದಲ್ಲೇ ಗಟ್ಟಿಮುಟ್ಟಾಗಿದ್ದ ಗಂಡನ ಹಣೆಯನ್ನು ದಿನಕ್ಕೆ ಆರು ಸಲ ಮುಟ್ಟಿ ನೋಡೋಕೆ ಶುರು ಮಾಡಿದರು. ಆ ಪುಣ್ಯಾತ್ಮ ಕೈಮುಗಿದು, "ಅಮ್ಮಾ ತಾಯಿ, ನನ್ನ ಬಿಟ್ಟುಬಿಡು, ನಿನಗೆ ಎಲ್ಲಾದ್ರೂ ಮಕ್ಕಳು ಹುಡುಕಿಕೊಡ್ತೀನಿ" ಅಂತ ತಾನೇ ಶಿಬಿರಕ್ಕೆ ಅರ್ಜಿ ಬರೆದು ಹಾಕಿದ. ಅದಾಗಿ ಇದು ಹನ್ನೊಂದನೇ ಬೇಸಿಗೆ.

ನಾಲಿಗೆ ಒಣಗಿದ್ದರೆ ಎರಡು ಲೋಟ ನೀರು, ಅಲ್ಲೇ, ಅವರ ಕಣ್ಣೆದುರೇ. ಹಸಿರಾಗಿದ್ದರೆ ಹಾಸಿಗೆ ಕೆಳಗೆ ಮಿಠಾಯಿ ಡಬ್ಬ ಇದೆ ಅಂತ ಅರ್ಥ. ನಿಜ ಹೇಳಬೇಕೆಂದರೆ ನಾಲಿಗೆ ಬರೀ ನೆಪ. ಮಗು ಬಾಯಿ ತೆರೆದು ನಿಂತ ಆ ಎರಡು ಕ್ಷಣದಲ್ಲಿ ಅಜ್ಜಿಯ ಕಣ್ಣು ಮಂಡಿಯ ಗಾಯ, ಕಿವಿ ಹಿಂದಿನ ಕಡಿತ, ರಾತ್ರಿ ಅತ್ತು ಊದಿದ ರೆಪ್ಪೆ ಎಲ್ಲವನ್ನೂ ನೋಡಿ ಮುಗಿಸಿರುತ್ತಿತ್ತು.

ಇಂಥ ಅಜ್ಜಿಗೂ ಒಂದು ಗುಟ್ಟಿತ್ತು. ಶಿಬಿರದ ಕೊನೇ ದಿನ ಎಲ್ಲರೂ ದೋಣಿಯಲ್ಲಿ ನಡುಗಡ್ಡೆಗೆ ಹೋಗುತ್ತಾರೆ. ಅಜ್ಜಿ ಒಂದು ಸಲವೂ ಹತ್ತಿದವರಲ್ಲ. "ದಡದಲ್ಲೂ ಒಬ್ಬರು ಬೇಕಲ್ಲಪ್ಪ" ಅಂತ ಔಷಧಿ ಪೆಟ್ಟಿಗೆಯನ್ನು ಶಿಬಿರದ ಮೇಷ್ಟ್ರ ಕೈಗೆ ಕೊಟ್ಟು ಗಂಭೀರವಾಗಿ ನಿಂತುಬಿಡುತ್ತಿದ್ದರು. ಅಸಲಿಗೆ ದೋಣಿ ಅಲುಗಾಡುವುದನ್ನು ನೋಡಿದರೇ ಅವರಿಗೆ ಕೈಕಾಲು ತಣ್ಣಗಾಗುತ್ತಿತ್ತು.

ಈ ಸಲ ಒಂಬತ್ತು ವರ್ಷದ ಒಬ್ಬಳು ಹುಡುಗಿ ಬಂದಳು, ಉಬ್ಬಸದವಳು. ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿದವಳಲ್ಲ. ತಾಯಿ ಔಷಧಿ ಚೀಲ, ದಮ್ಮಿನ ಪಂಪು ಎಲ್ಲ ಒಪ್ಪಿಸಿ, "ಒಂದೇ ಒಂದು ಸಲ ದಮ್ಮು ಬಂದ್ರೂ ಫೋನ್ ಮಾಡಿ ಸಿಸ್ಟರ್, ಬಂದು ಕರ್ಕೊಂಡು ಹೋಗಿಬಿಡ್ತೀನಿ" ಅಂದರು. ಅಜ್ಜಿ "ಆಗಲಿ" ಅಂದರು. ಹುಡುಗಿ ಕೇಳಿಸಿಕೊಂಡಳು.

ತಾಯಿ ಅತ್ತ ಹೋಗಿದ್ದೇ ತಡ, ಹುಡುಗಿ ಇತ್ತ ಹೇಳಿದಳು: "ನನ್ನ ಎದೆ ಒಂದೊಂದ್ಸಲ ಪಿಟೀಲು ಬಾರಿಸುತ್ತೆ ಅಜ್ಜಿ, ಹೆದರ್ಕೋಬೇಡಿ." ಅವತ್ತಿನಿಂದ ಎಲ್ಲರಿಗೂ ಅವಳು ಪಿಟೀಲು. ಅವಳಿಗೆ ಬೇಕಾಗಿದ್ದು ಒಂದೇ, ದೋಣಿ. ಮಂಚದ ಕಾಲಿನ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದಳು. ನಾಲಿಗೆ ಸಾಲಿನಲ್ಲಂತೂ ಅವಳದೇ ಕಾರುಬಾರು. ಗಲ್ಲ ಮುಟ್ಟುವಷ್ಟು ಚಾಚಿ, "ಬ್ಲೇ" ಅಂತ ರಾಗ ಎಳೆದೇ ಮುಂದೆ ಹೋಗೋದು.

ದೋಣಿಗೆ ಒಂದೇ ದಿನ ಉಳಿದಿತ್ತು. ಆ ಬೆಳಗ್ಗೆ ಪಿಟೀಲು ನಾಲಿಗೆಯ ತುದಿಯನ್ನಷ್ಟೇ ತೋರಿಸಿ ಸರಕ್ಕನೆ ಜಾರಿಕೊಂಡಳು.

"ಏಯ್, ನಿಲ್ಲು."

"ಏನಿಲ್ಲ... ಅಜ್ಜಿ... ಚೆನ್ನಾಗಿದೀನಿ."

ಉಸಿರಿಗೊಮ್ಮೆ ಭುಜ ಮೇಲೇರುತ್ತಿತ್ತು. ಅಜ್ಜಿ ಸಾಲನ್ನು ಮೇಷ್ಟ್ರಿಗೆ ಒಪ್ಪಿಸಿ, ಅವಳನ್ನು ಕೋಣೆಗೆ ಕರೆತಂದು, ನೆಟ್ಟಗೆ ಕೂರಿಸಿ ಪಂಪು ಕೊಟ್ಟರು. ಬೆನ್ನಿನ ಮೇಲೆ ಕೈಯಿಟ್ಟು ಉಸಿರು ಎಣಿಸಿದರು. ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಮತ್ತೆ ಕೊಟ್ಟರು. ಅರ್ಧ ಗಂಟೆಯಲ್ಲಿ ಭುಜ ಇಳಿಯಿತು, ಎದೆಯೊಳಗಿನ ಪಿಟೀಲು ನಿಂತಿತು.

"ಯಾವಾಗಿಂದ?"

"ರಾತ್ರಿಯಿಂದ. ಯಾರಿಗೂ ಕೇಳಿಸಬಾರದು ಅಂತ ಬಾಯಿಗೆ ದಿಂಬು ಒತ್ಕೊಂಡಿದ್ದೆ."

"ಅಯ್ಯೋ ನಿನ್ನ! ಪಂಪು ನಿನ್ನ ಪಕ್ಕದಲ್ಲೇ ಇಟ್ಟಿದ್ನಲ್ಲೇ?"

"ಅದರ ಮೇಲೆ ನಂಬರ್ ಇದೆ. ಹೊಡೆದ್ರೆ ಒಂದು ಕಡಿಮೆ ಆಗುತ್ತೆ, ನೀವು ನೋಡ್ತೀರಿ. ಅಮ್ಮನಿಗೆ ಫೋನ್ ಮಾಡ್ತೀರಿ. ದೋಣಿ ಹೋಗುತ್ತೆ."

ಬೈಯೋಕೆ ಬಾಯಿ ತೆರೆದ ಅಜ್ಜಿ ಪಂಪು ತಿರುಗಿಸಿ ಆ ನಂಬರ್ ನೋಡಿದರು. ಕಾಪಾಡೋಕೆ ಅಂತ ಕೊಟ್ಟ ಮಾತೇ ಮಗುವಿನ ಬಾಯಿಗೆ ದಿಂಬಾಗಿತ್ತು. ಮೂವತ್ತೊಂದು ವರ್ಷದ ನರ್ಸಿಗೆ ಇಷ್ಟೂ ಹೊಳೆಯಲಿಲ್ಲವಲ್ಲ ಅಂತ ತಮ್ಮ ಮೇಲೇ ಸಿಟ್ಟು ಬಂತು.

"ನೋಡು, ದಮ್ಮು ಬಂದ್ರೆ ಪಂಪಿದೆ, ನಾನಿದೀನಿ. ನೀನು ಮುಚ್ಚಿಟ್ರೆ ನಾನಿದ್ದೂ ಇಲ್ಲದ ಹಾಗೆ. ಇವಾಗ ಅಮ್ಮನಿಗೆ ಫೋನ್ ಮಾಡ್ತೀನಿ."

"ಬೇಡ ಅಜ್ಜಿ!"

"ಮಾತು ಕೊಟ್ಟಿದೀನಿ, ಮಾಡಲೇಬೇಕು. ಆದ್ರೆ ಬಂದ ಮೇಲೆ ನಿನ್ನ ಪರವಾಗಿ ಜಗಳಾನೂ ನಾನೇ ಆಡ್ತೀನಿ, ಅಳಬೇಡ."

ಮಧ್ಯಾಹ್ನದ ಹೊತ್ತಿಗೆ ತಾಯಿ ಓಡುತ್ತಲೇ ಬಂದರು. ಅಜ್ಜಿ ಬಾಗಿಲಲ್ಲೇ ಅಡ್ಡ ನಿಂತರು. "ಮಗು ಚೆನ್ನಾಗಿದೆ. ಮೊದಲು ನೀವು ನಾಲಿಗೆ ತೋರಿಸಿ."

ಆ ದನಿಗೆ ಎದುರಾಡೋಕೆ ಯಾರಿಗಾಗುತ್ತೆ? ತೋರಿಸಿದರು. ಒಣಗಿ ಕಟ್ಟಿಗೆಯಾಗಿತ್ತು. ಎರಡು ಲೋಟ ನೀರು ಕುಡಿಸಿ, ಕೂರಿಸಿ, ಅಜ್ಜಿ ದಿಂಬಿನ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದರು. "ನೀವು ಷರತ್ತು ಹಾಕಿದ್ರಿ, ನಾನು ಹೂಂ ಅಂದೆ. ತಪ್ಪು ಇಬ್ಬರದ್ದೂ. ಈ ಮಗು ದಮ್ಮಿಗೆ ಹೆದರಿಲ್ಲ, ಫೋನಿಗೆ ಹೆದರಿದೆ."

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳನ್ನು ಕೇಳಿದರು: "ಮತ್ತೆ ಬಂದ್ರೆ ಏನ್ಮಾಡ್ತೀಯ?"

"ಮೊದಲು ಅಜ್ಜಿಗೆ ಹೇಳ್ತೀನಿ. ನೆಟ್ಟಗೆ ಕೂತ್ಕೋತೀನಿ. ಪಂಪು ಅಲ್ಲಾಡಿಸಿ ಹೊಡೀತೀನಿ. ಮುಚ್ಚಿಡಲ್ಲ."

"ನಾಳೆ ದೋಣೀಲಿ ಅಜ್ಜಿ ಎಲ್ಲಿರ್ತಾರೆ?"

ಅಜ್ಜಿ "ದಡ..." ಅನ್ನುತ್ತಾ ನಿಲ್ಲಿಸಿದರು. ಹುಡುಗಿ ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿದ್ದಳು.

"ಸಿಸ್ಟರ್, ರಾತ್ರಿ ಅವಳು ಸರಿಯಾಗಿದ್ದು, ನೀವೂ ದೋಣಿ ಹತ್ತೋದಾದ್ರೆ ಕಳಿಸ್ತೀನಿ" ಅಂದರು ತಾಯಿ.

"ಅದಕ್ಕೇನಂತೆ, ಹತ್ತಿದ್ರಾಯ್ತು" ಅಂದರು ಅಜ್ಜಿ. ಅಂದವರು ಕೆರೆಯ ಕಡೆಗೆ ಬೆನ್ನು ತಿರುಗಿಸಿ ಕೂತರು.

ರಾತ್ರಿ ಪಿಟೀಲು ಗಡದ್ದಾಗಿ ನಿದ್ದೆ ಮಾಡಿದಳು. ಬೆಳಗ್ಗೆ ಡಾಕ್ಟರೂ ಬಂದು ಎದೆ ನೋಡಿ ಸರಿ ಅಂದರು. ಎಲ್ಲರಿಗೂ ಲೈಫ್ ಜಾಕೆಟ್ ಬಿಗಿದಾಯಿತು, ಅಜ್ಜಿಯದನ್ನು ದೋಣಿಯವನು ಎರಡು ಸಲ ಬಿಗಿದ. ತಾಯಿ ದಡದಲ್ಲಿ ನಿಂತು ಕೈ ಬೀಸುತ್ತಿದ್ದರು. ಮಕ್ಕಳೆಲ್ಲ ಕೂಗಾಡುತ್ತಿದ್ದರೆ, ಅಜ್ಜಿ ಕೂತ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ತುಟಿ ಬಿಗಿದು ನೇರ ಮುಂದಕ್ಕೆ ನೋಡುತ್ತಿದ್ದರು. ಪಕ್ಕದಲ್ಲಿದ್ದ ಪಿಟೀಲು ಅವರ ಮುಖವನ್ನೇ ದಿಟ್ಟಿಸಿದಳು.

"ಅಜ್ಜಿ, ನಾಲಿಗೆ ತೋರಿಸಿ."

"ಸುಮ್ನೆ ಕೂತ್ಕೊಳ್ಳೇ."

"ತೋರಿಸದವರಿಗೆ ತಟ್ಟೆ ಇಲ್ಲ."

ದೋಣಿ ತುಂಬ ಮಕ್ಕಳು ಇತ್ತಲೇ ತಿರುಗಿದರು. ಅಜ್ಜಿ ಮೆಲ್ಲಗೆ ನಾಲಿಗೆ ಚಾಚಿದರು. ಪಿಟೀಲು ಹತ್ತಿರ ಬಗ್ಗಿ, ಥೇಟ್ ಅಜ್ಜಿಯ ಹಾಗೇ ಕಣ್ಣು ಕಿರಿದು ಮಾಡಿ ಪರೀಕ್ಷೆ ಮಾಡಿದಳು. "ಒಣಗಿ ಹೋಗಿದೆ. ಹೆದರಿಕೆನಾ? ಯಾವಾಗಿಂದ?"

ಅಜ್ಜಿ ನಾಲಿಗೆ ಒಳಗೆಳೆದುಕೊಂಡರು. "ಹನ್ನೊಂದು ವರ್ಷದಿಂದ ಕಣೇ."

"ಅಯ್ಯೋ ನಿಮ್ಮ! ಯಾಕೆ ಹೇಳ್ಲಿಲ್ಲ? ನಾನು ಪಕ್ಕದಲ್ಲೇ ಇದೀನಲ್ಲ?"

ಅಜ್ಜಿಗೆ ನಗು ತಡೆಯಲಾಗಲಿಲ್ಲ, ಕಣ್ಣೂ ತುಂಬಿ ಬಂತು. ಹಲಗೆಯಿಂದ ಒಂದು ಕೈ ಬಿಟ್ಟು ಹುಡುಗಿಯ ಕೈ ಹಿಡಿದುಕೊಂಡರು. ಇನ್ನೊಂದು ಕೈಗೆ ಅವಳು ನೀರಿನ ಬಾಟಲಿ ಕೊಟ್ಟು, ಪೂರ್ತಿ ಖಾಲಿಯಾಗುವವರೆಗೂ ಕಣ್ಣು ಕದಲಿಸದೆ ನೋಡುತ್ತಾ ಕೂತಳು.