ಗುಡಾಣದೊಳಗಿನ ಹಾಡು

ವಾಲ್ದೆಪೆನ್ಯಾಸ್ ಊರಿನ ನಮ್ಮ ಬೀದಿಯಲ್ಲಿ ಬಿಬಿಯಾನಾಳಷ್ಟು ಸಣಕಲು ಹೆಂಗಸು ಇನ್ನೊಬ್ಬಳಿರಲಿಲ್ಲ. ಅದೇ ಅವಳಿಗೆ ಮುಳುವಾಯಿತು. ಅವಳಣ್ಣ ಕ್ರಿಸಾಂತೊನ ನೆಲಮಾಳಿಗೆಯಲ್ಲಿ ವೈನ್ ತುಂಬಿಡುವ ಮಣ್ಣಿನ ಗುಡಾಣಗಳು ಎರಡಾಳೆತ್ತರವಿದ್ದವು, ಬಾಯಿ ಮಾತ್ರ ಕಿರಿದು. ದ್ರಾಕ್ಷಿ ಕೊಯ್ಲಿಗೆ ಮುಂಚೆ ಒಳಗಿಳಿದು ತಿಕ್ಕುವವಳು ಅವಳೇ. ತಳದಲ್ಲಿ ಉಸಿರು ಕಟ್ಟಿಸುವ ಗಾಳಿ ನಿಂತಿರುತ್ತದೆ. ಅದಕ್ಕೇ ಒಳಗಿದ್ದವರು ಹಾಡುತ್ತಲೇ ಇರಬೇಕು, ಹಾಡು ನಿಂತರೆ ಮೇಲಿನವರು ಸೊಂಟದ ಹಗ್ಗ ಎಳೆಯಬೇಕು.

ಊಟದಲ್ಲಿ ಅವಳು ಇನ್ನೊಂದು ತುಂಡು ರೊಟ್ಟಿಗೆ ಕೈಚಾಚಿದರೆ ಈ ಪುಣ್ಯಾತ್ಮ ತಟ್ಟೆ ಎಳೆದುಕೊಳ್ಳುತ್ತಿದ್ದ. "ಸಾಕು ಮಾರಾಯ್ತಿ, ಗುಡಾಣದ ಬಾಯಲ್ಲಿ ಸಿಕ್ಕಿಹಾಕ್ಕೊಂಡ್ರೆ ಏನ್ಗತಿ?"

ಪೀಪಾಯಿ ಮಾಡುವವನೊಬ್ಬ ಹೆಣ್ಣು ಕೇಳಲು ಬಂದಾಗಲೂ ಅದೇ ರಾಗ. "ನಾಳೆ ಬಸುರಿಯಾದ್ರೆ ಒಳಗೆ ಇಳಿಯೋರ್ಯಾರಪ್ಪ, ನೀನಾ?"

ಒಂದು ಸೆಪ್ಟೆಂಬರಿನ ಬೆಳಿಗ್ಗೆ ಹಾಡು ಅರ್ಧಕ್ಕೇ ನಿಂತಿತು. ಕ್ರಿಸಾಂತೊ ಹಗ್ಗ ಎಳೆದ. ಬರೀ ಹಗ್ಗ ಮೇಲೆ ಬಂತು. ಕೂಗಿದರೆ ಉತ್ತರವಿಲ್ಲ. ಅವನು ಸುತ್ತಿಗೆ ಹಿಡಿದು, ಅಜ್ಜನ ಕಾಲದ ಆ ಗುಡಾಣವನ್ನು ಬುಡದಲ್ಲೇ ಒಡೆದ.

ಒಳಗೆ ಬಿಬಿಯಾನಾ ಮಂಡಿ ತಬ್ಬಿಕೊಂಡು ನೆಟ್ಟಗೇ ಕೂತಿದ್ದಳು.

"ಏನಾಯ್ತೇ ನಿಂಗೆ?"

"ಏನಿಲ್ಲಣ್ಣ. ಒಂದ್ಸಲ ಬಾಗಿಲಿಂದ ಬರೋ ಹಾಗೆ ಆಚೆ ಬರೋಣ ಅನ್ನಿಸ್ತು."

ಕ್ರಿಸಾಂತೊ ಅವಳನ್ನು ಅಪ್ಪಿಕೊಂಡು ಮಗುವಿನಂತೆ ಅತ್ತ. ಸದ್ದು ಕೇಳಿ ಓಡಿಬಂದಿದ್ದ ನಾವೂ ಕಣ್ಣೊರೆಸಿಕೊಂಡೆವು. ಆಮೇಲೆ ಅವನು ಮೂಗು ಸೀಟಿ, ಏಣಿಯನ್ನು ಪಕ್ಕದ ಗುಡಾಣಕ್ಕೆ ಒರಗಿಸಿದ. ಅವಳ ಸೊಂಟದ ಹಗ್ಗಕ್ಕೆ ಈ ಸಲ ಬೆನ್ನ ಹಿಂದೆ, ಅವಳ ಕೈಗೆ ಸಿಗದ ಹಾಗೆ, ತಾನೇ ಗಂಟು ಹಾಕಿದ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಹಾಡು ಕೇಳಿಸಿತು.